ಓಟವೂ ನೌಕಾವಿಲಾಸವೂ

ದೇಶಾಂತರಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಯಾತ್ರೆಯೊಂದು ರೂಢಿಗೆ ಬಂದಿರುವುದು. ಯಾತ್ರಿಕನು ದೂರದ ಪಟ್ಟಣವೊಂದಕ್ಕೆ ಹೋಗಿ, ಅಲ್ಲಿ 42 ಕಿಲೋಮೀಟರಿಗೂ ಮಿಕ್ಕಿದ ಮ್ಯಾರಥಾನ್ ಓಟವನ್ನು ಓಡುವನು. ಓಟ ಮುಗಿದ ಮರುದಿನವೇ ಅಲ್ಲಿನ ನದಿಯ ದಡದಲ್ಲಿ ಕಾದಿರುವ ವಿಲಾಸನೌಕೆಯನ್ನೇರಿ, ಮೆತ್ತನೆಯ ಹಾಸಿಗೆಯ ಮೇಲೆ ಕಾಲು ಚಾಚಿ, ಒಂದು ವಾರವೋ ಎರಡು ವಾರವೋ ಮೆಲ್ಲಗೆ ತೇಲುತ್ತ ಹೋಗುವನು. ನೈಲ್ ನದಿಯ ಲಕ್ಸರ್ ಪಟ್ಟಣದಲ್ಲಿಯೂ ಡ್ಯಾನ್ಯೂಬ್ ನದಿಯ ವಿಯೆನ್ನಾ, ಬುಡಾಪೆಸ್ಟ್ ನಗರಗಳಲ್ಲಿಯೂ ಓಟವೂ ಉಂಟು, ನೌಕೆಯೂ ಉಂಟು. ಆದಕಾರಣ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವ ವರ್ತಕರಿಗೆ ಅಲ್ಲಿ ಕೆಲಸ ಸುಲಭವಾಗಿರುವುದು. ದೇಹವನ್ನು ದಂಡಿಸಿದ ಪುಣ್ಯವೂ ಬಂದಿತು, ದೇಹವನ್ನು ಓಲೈಸಿದ ಸುಖವೂ ಬಂದಿತು ಎಂದು ಯಾತ್ರಿಕನು ತೃಪ್ತನಾಗಿ ಮನೆಗೆ ಮರಳುವನು.

ಇದು ದೂರದ ವಾರ್ತೆಯೆಂದು ಕಾವೇರೀತೀರದವರು ಸುಮ್ಮನಿರಲಾಗದು. ಶ್ರೀರಂಗಪಟ್ಟಣದ ಸೀಮೆಯಲ್ಲಿ, ರಂಗನತಿಟ್ಟಿನ ಆಸುಪಾಸಿನಲ್ಲಿ, ಕಾವೇರಿಯ ನೀರು ಹರಿಯುವ ನಾಲೆಯ ಏರಿಯ ಮೇಲೆ ‘ಕಾವೇರಿ ಟ್ರೈಲ್ ಮ್ಯಾರಥಾನ್’ ಎಂಬ ಓಟವು ಈ ಶತಮಾನದ ಮೊದಲ ದಶಕದಲ್ಲಿಯೇ ಆರಂಭವಾಯಿತು. ಅದು ಡಾಂಬರು ಬೀದಿಯ ಓಟವಲ್ಲ, ಮಣ್ಣಿನ ಹಾದಿಯ ಓಟ. ಒಂದು ಮಗ್ಗುಲಿಗೆ ನಾಲೆಯ ನೀರು, ಇನ್ನೊಂದು ಮಗ್ಗುಲಿಗೆ ಭತ್ತದ ಗದ್ದೆ. ಬೆಂಗಳೂರು ಮೊದಲಾದ ಕಡೆಗಳಿಂದ ಬಂದವರು ಇಲ್ಲಿ ಓಡಿ, ಬಳಿಕ ಪಕ್ಷಿಧಾಮದ ದೋಣಿಯಲ್ಲಿ ಕುಳಿತು ಕೊಕ್ಕರೆಗಳನ್ನೂ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳನ್ನೂ ನೋಡಿ ಊರಿಗೆ ಹಿಂದಿರುಗುವುದುಂಟು. ಇಷ್ಟರಲ್ಲಿ ದೂರತಕ್ಕದ್ದೇನೂ ಇಲ್ಲ. ಆದರೆ ಮನುಷ್ಯನ ಆಸೆಯು ಇಷ್ಟಕ್ಕೆ ನಿಲ್ಲುವುದಿಲ್ಲ. ಇಷ್ಟು ಜನ ಬರುವಲ್ಲಿ ಸ್ವಲ್ಪ ಹೊತ್ತಿನ ದೋಣಿ ಸಾಕೆ, ಕನ್ನಂಬಾಡಿಯ ಹಿನ್ನೀರಿನಲ್ಲಿ ತಂಪು ಕೊಠಡಿಗಳ ದೊಡ್ಡ ನೌಕೆಯೊಂದು ಬೇಡವೆ, ಓಟದ ಹಬ್ಬಕ್ಕೂ ನೌಕೆಯ ಹಬ್ಬಕ್ಕೂ ಗಂಟು ಹಾಕಿದರೆ ನಾಡಿಗೆ ಹಣ ಹರಿಯದೆ ಎಂಬ ಪ್ರಶ್ನೆಗಳು ಉತ್ಸಾಹಿಗಳ ಬಾಯಲ್ಲಿ ಹುಟ್ಟುವುದು ಸಹಜ. ಗಾಳಿಯು ಯಾವ ಕಡೆಗೆ ಬೀಸುತ್ತಿದೆಯೆಂಬುದಕ್ಕೆ ಸಾಕ್ಷ್ಯವೂ ಉಂಟು. 2024ರಲ್ಲಿ ಬೃಂದಾವನ ಉದ್ಯಾನವನ್ನು ಎರಡು ಸಾವಿರ ಕೋಟಿ ರೂಪಾಯಿಗಳಿಗೂ ಮಿಕ್ಕಿದ ವೆಚ್ಚದಲ್ಲಿ ವಿನೋದಸ್ಥಾನವನ್ನಾಗಿ ಮಾರ್ಪಡಿಸುವ ಯೋಜನೆಗೆ ರಾಜ್ಯದ ಸಚಿವಸಂಪುಟವು ಒಪ್ಪಿಗೆ ಕೊಟ್ಟಿತು. 2025ರಲ್ಲಿ ಕಾವೇರಿ ಆರತಿಗೆಂದು 92 ಕೋಟಿಗೂ ಹೆಚ್ಚಿನ ಹಣದ ಮಾತು ಬಂದಿತು. ಅಣೆಕಟ್ಟಿನ ಬುಡದಲ್ಲಿ ಇದೆಲ್ಲ ಬೇಡವೆಂದು ಮಂಡ್ಯದ ರೈತರು ಅದೇ ವರ್ಷ ಬೀದಿಗಿಳಿದರು. ವ್ಯಾಜ್ಯವು ಉಚ್ಚ ನ್ಯಾಯಾಲಯದ ಮೆಟ್ಟಲನ್ನೂ ಹತ್ತಿತು. ಇಂಥ ಕಾಲದಲ್ಲಿ ನೌಕೆಯ ಆಸೆಯು ಬೇರು ಬಿಡುವುದಕ್ಕೆ ಮುಂಚೆಯೇ ಅದನ್ನು ವಿಚಾರಿಸುವುದು ಲೇಸು.

ಹೇಳತಕ್ಕ ಮಾತು ಒಂದೇ: ಓಟವು ಈ ನದಿಗೆ ಒಗ್ಗುವುದು, ವಿಲಾಸನೌಕೆಯು ಒಗ್ಗದು. ಎರಡನ್ನೂ ಒಂದೇ ನೊಗಕ್ಕೆ ಹೂಡುವುದು ಓಟಕ್ಕೆ ಅವಮಾನ, ನದಿಗೆ ಅಪಚಾರ, ನಾಲೆಯ ಕೊನೆಯಲ್ಲಿ ನೀರಿಗಾಗಿ ಕಾದು ಕುಳಿತಿರುವ ಒಕ್ಕಲಿಗನಿಗೆ ಅನ್ಯಾಯ. ಶಾಸ್ತ್ರಜ್ಞರು ‘ಅರ್ಧಜರತೀಯ’ವೆಂಬ ನ್ಯಾಯವೊಂದನ್ನು ಹೇಳುವುದುಂಟು. ಹೆಂಗಸೊಬ್ಬಳ ಅರ್ಧ ಶರೀರವು ಮುಪ್ಪಾಗಿರಲಿ, ಇನ್ನರ್ಧವು ಯೌವನದಲ್ಲಿರಲಿ ಎಂದು ಬಯಸುವುದು ಹೇಗೆ ಅಸಂಬದ್ಧವೋ, ಒಂದೇ ವಸ್ತುವಿನಲ್ಲಿ ತನಗೆ ಬೇಕಾದ ಅರ್ಧವನ್ನು ಇಟ್ಟುಕೊಂಡು ಬೇಡದ ಅರ್ಧವನ್ನು ಕಳಚುವುದೂ ಹಾಗೆಯೇ ಅಸಂಬದ್ಧ. ನೌಕಾವಿಲಾಸಿಗೆ ಬೇಕಾದುದು ತುಂಬಿ ಮಿನುಗುವ ಕಾವೇರಿ. ಬೇಡವಾದುದು ಕ್ಷಾಮದ ಕಾವೇರಿ, ಪ್ರವಾಹದ ಕಾವೇರಿ, ನಾಲೆಗಳಿಗೆ ಹಂಚಿಹೋದ ಕಾವೇರಿ. ಆದರೆ ಇವೆಲ್ಲವೂ ಸೇರಿದ್ದೇ ಕಾವೇರಿ.

ಮೊದಲು ಓಟದ ವಿಷಯವನ್ನು ತೆಗೆದುಕೊಳ್ಳಬಹುದು. ಹಳೆಯ ಕಾಲದ ಮಂದಿ ಇದನ್ನು ಕಂಡು, ಹೊಟ್ಟೆ ತುಂಬಿದವರ ಹುಚ್ಚೆಂದು ನಗುವುದುಂಟು. ಆ ನಗೆಯು ಯೋಗ್ಯವಲ್ಲ. ಅಥೆನ್ಸ್ ನಗರದಲ್ಲಿ 1896ರಲ್ಲಿ ನಡೆದ ಮೊದಲನೆಯ ಆಧುನಿಕ ಒಲಿಂಪಿಕ್ ಕೂಟದಲ್ಲಿ ಮ್ಯಾರಥಾನ್ ಓಟವನ್ನು ಗೆದ್ದವನು ರಾಜಪುತ್ರನಲ್ಲ, ಧನಿಕನಲ್ಲ. ಮಾರೂಸಿ ಎಂಬ ಹಳ್ಳಿಯ ಸ್ಪಿರಿಡಾನ್ ಲೂಯಿಸ್. ಅವನ ಕಸುಬು ಊರಿನಿಂದ ನಗರಕ್ಕೆ ನೀರು ಸಾಗಿಸುವುದು. ಜಗತ್ತಿನ ಮೊದಲನೆಯ ಮ್ಯಾರಥಾನ್ ವೀರನು ನೀರು ಹೊರುವವನೆಂಬುದನ್ನು ಈ ಕಾಲದ ಓಟಗಾರರು ಮರೆಯತಕ್ಕದ್ದಲ್ಲ. ಬಳಿಕ 1908ರಲ್ಲಿ ಲಂಡನ್ನಿನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ರಾಜಪರಿವಾರದ ಆಸನದೆದುರಿಗೆ ಮುಗಿಯುವಂತೆ ಓಟವನ್ನು ಗೊತ್ತುಮಾಡಿದರು. ಆಗ ಬಂದ 42.195 ಕಿಲೋಮೀಟರಿನ ಅಳತೆಯೇ 1921ರಲ್ಲಿ ಎಲ್ಲ ದೇಶಗಳಿಗೂ ನಿಯಮವಾಯಿತು. ನೀರು ಹೊರುವವನ ಓಟಕ್ಕೆ ಅರಮನೆಯ ಅಳತೆ ಬಿದ್ದುದು ಹೀಗೆ. ಶ್ರಮದ ಕಾರ್ಯವೊಂದು ಹೆಸರು ಪಡೆದೊಡನೆ ಸುಖಿಗಳು ಅದರ ಸುತ್ತ ಆಸನ ಹಾಕಿಕೊಳ್ಳುವುದು ಇಂದಿನ ಸಂಗತಿಯಲ್ಲ.

ಇಷ್ಟಾದರೂ ಓಟದ ಗುಣ ಕೆಡಲಿಲ್ಲ. ಓಡುವವನಿಗೆ ಬೇಕಾದುದು ಎರಡು ಕಾಲು, ಒಂದು ಹಾದಿ, ಕುಡಿಯಲು ನೀರು. ಅವನು ನಾಲೆಯ ಏರಿಯನ್ನು ಅಗಲಿಸೆಂದು ಕೇಳನು, ನದಿಯನ್ನು ಆಳವಾಗಿಸೆಂದು ಕೇಳನು. ಏರಿಯ ಮೇಲೆ ಎತ್ತಿನ ಗಾಡಿ ಬಂದರೆ ಪಕ್ಕಕ್ಕೆ ಸರಿದು ಹಾದಿ ಬಿಡುವನು. ಬೆಳಗಿನ ಚಳಿ, ನಡುಹಗಲಿನ ಬಿಸಿಲು, ಕೆಸರು, ಕಲ್ಲು, ಎಲ್ಲವನ್ನೂ ಇದ್ದಂತೆಯೇ ಒಪ್ಪಿಕೊಳ್ಳುವನು. ಸ್ಥಳವನ್ನು ತನಗಾಗಿ ತಿದ್ದದೆ ತನ್ನನ್ನು ಸ್ಥಳಕ್ಕಾಗಿ ತಿದ್ದಿಕೊಳ್ಳುವುದೇ ತಪಸ್ಸಿನ ಲಕ್ಷಣ; ಆ ಅಂಶ ಓಟದಲ್ಲಿ ಉಂಟು.

ಈ ಸೀಮೆಗೆ ಅಂಥ ಶ್ರಮವು ಹೊಸದೂ ಅಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಕಾರ್ತಿಕಮಾಸದಲ್ಲಿ ನಡೆಯುವ ಅಷ್ಟತೀರ್ಥೋತ್ಸವವನ್ನು ಬಲ್ಲವರು ಇದನ್ನು ಒಪ್ಪುವರು. ಬೆಟ್ಟದ ಸುತ್ತಲಿನ ಎಂಟು ತೀರ್ಥಗಳನ್ನು ಜನರು ಕಾಲ್ನಡಿಗೆಯಿಂದಲೇ ಸುತ್ತುವರು. ಕಲ್ಲುಮುಳ್ಳಿನ ಹಾದಿ, ಜೊತೆಗೆ ಹೆಂಗಸರು, ಮಕ್ಕಳು, ವೃದ್ಧರು. ಒಂದೊಂದು ತೀರ್ಥದಲ್ಲಿಯೂ ನಿಂತು, ನೀರು ತಲೆಗೆ ಚಿಮುಕಿಸಿಕೊಂಡು ಮುಂದಕ್ಕೆ ಹೋಗುವರು. ತೊಟ್ಟಿಲಮಡುವಿನಲ್ಲಿ ಮಕ್ಕಳಿಲ್ಲದ ದಂಪತಿಗಳು ಹರಕೆ ಹೊತ್ತು ಮೀಯುವರು. ನಡಿಗೆಯನ್ನೂ ನೀರನ್ನೂ ಒಂದುಗೂಡಿಸುವುದೇ ಹೊಸ ಯಾತ್ರೆಯ ಹೆಚ್ಚುಗಾರಿಕೆಯಾದರೆ, ಅದನ್ನು ಇಲ್ಲಿನವರು ಬಹು ಹಿಂದೆಯೇ ಮಾಡಿಟ್ಟಿರುವರು. ಭೇದವಿಷ್ಟೆ: ಇಲ್ಲಿ ನಡೆದವನು ನೀರಿನ ಬಳಿಗೆ ಬಾಗಿ ಹೋಗುವನು, ಅಲ್ಲಿ ಓಡಿದವನಿಗಾಗಿ ನೀರೇ ಹಾಸಿಗೆಯಾಗಬೇಕು.

ಇನ್ನು ವಿಲಾಸನೌಕೆಯ ಸ್ವರೂಪವೇನೆಂದು ನೋಡಬೇಕು. ಭರತಖಂಡದಲ್ಲಿ ಇದಕ್ಕೆ ದೊಡ್ಡ ದೃಷ್ಟಾಂತ ‘ಗಂಗಾ ವಿಲಾಸ್’ ಎಂಬ ನೌಕೆ. ಇದು 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟು, ಬಾಂಗ್ಲಾದೇಶದ ಮಾರ್ಗವಾಗಿ, ಸುಮಾರು 3,200 ಕಿಲೋಮೀಟರುಗಳನ್ನು 51 ದಿನಗಳಲ್ಲಿ ಮುಗಿಸುವ ಗೊತ್ತಿನಿಂದ ಅಸ್ಸಾಮಿನ ದಿಬ್ರುಗಢದ ಕಡೆಗೆ ಪ್ರಯಾಣ ಮಾಡಿತು. ನೌಕೆಯ ಉದ್ದ 62 ಮೀಟರು, ಕೊಠಡಿಗಳು 18, ಯಾತ್ರಿಕರಿಗೆ ಸ್ಥಳ 36. ಮೂವತ್ತಾರು ಮಂದಿಯ ಸುಖಕ್ಕೆ ಇಷ್ಟು ದೊಡ್ಡ ತೇಲುವ ಮನೆ! ಇಂಥ ನೌಕೆಯು ನಡೆಯಬೇಕಾದರೆ ನದಿಯು ತನ್ನಿಚ್ಛೆಯಂತೆ ಹರಿಯಲಾಗದು. ಗಂಗೆಯನ್ನು 1986ರಲ್ಲಿ ಮೊದಲನೆಯ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದ ಮೇಲೆ, ಹಡಗಿನ ದಾರಿಯಲ್ಲಿ ಹೂಳನ್ನೆತ್ತಿ ಗೊತ್ತಾದ ಆಳವನ್ನು ಕಾಯುವ ಕೆಲಸಕ್ಕೆ ಸರ್ಕಾರವು ಕೈಹಾಕಬೇಕಾಯಿತು. ಯೂರೋಪಿನ ಮಹಾನದಿಗಳ ಕಥೆಯೂ ಇದೇ. ಡ್ಯಾನ್ಯೂಬ್, ರೈನ್ ನದಿಗಳಿಗೆ ಕಟ್ಟೆಗಳೂ ಬಾಗಿಲುಗಳೂ ಎಷ್ಟಿದ್ದರೂ 2022ರ ಬೇಸಗೆಯಲ್ಲಿ ನೀರು ಇಳಿದುಹೋದಾಗ ವಿಹಾರನೌಕೆಗಳ ಸಂಚಾರ ಕೆಟ್ಟು, ಯಾತ್ರಿಕರನ್ನು ಬಸ್ಸುಗಳಲ್ಲಿ ಸಾಗಿಸಬೇಕಾಯಿತು. ವರ್ಷವಿಡೀ ತುಂಬಿ ಹರಿಯುವುದೆಂದು ಹೆಸರಾದ ನದಿಗಳ ಪಾಡೇ ಹೀಗಿರುವಾಗ ಕಾವೇರಿಯ ಗತಿಯೇನು?

ಕಾವೇರಿಯು ಈ ಸೀಮೆಯಲ್ಲಿ ಹಡಗಿನ ನದಿಯಾಗಿ ಎಂದೂ ಇರಲಿಲ್ಲ. ಶ್ರೀರಂಗಪಟ್ಟಣದ ಬಳಿ ಅದು ಎರಡು ಕವಲಾಗಿ ಒಡೆದು, ದ್ವೀಪವನ್ನು ಬಳಸಿ, ಸಂಗಮದಲ್ಲಿ ಮತ್ತೆ ಕೂಡುವುದು. ನಡುವೆ ಬಂಡೆ, ಮಡು, ತಿಟ್ಟು, ಜೊಂಡು. ಬಲಮುರಿ ಎಡಮುರಿಗಳಲ್ಲಿ ಕಟ್ಟೆಯ ಮೇಲಿನಿಂದ ನೀರು ಜಾರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಟ್ಟಣದ ಹಳೆಯ ವೆಲ್ಲೆಸ್ಲಿ ಸೇತುವೆಯನ್ನು 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಲ್ಲುಕಂಬಗಳ ಮೇಲೆ ನಿಲ್ಲಿಸಿದವರು, ಅದರ ಅಡಿಯಲ್ಲಿ ನೀರು ಹೋಗಬೇಕೆಂದು ಎಣಿಸಿದರೇ ಹೊರತು ಹಡಗು ಹೋಗಬೇಕೆಂದು ಎಣಿಸಲಿಲ್ಲ. ಈ ನದಿಗೆ ಪೂರ್ವಿಕರು ಕೊಟ್ಟ ಕೆಲಸವೇ ಬೇರೆ. 17ನೆಯ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆಯು ನದಿಯ ಕವಲಿನ ಮೇಲೆಯೇ ಸೇತುವೆಯಂತೆ ಹಾದು ದ್ವೀಪಕ್ಕೆ ನೀರನ್ನು ಒಯ್ದಿತು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಯೂ ವಿರಿಜಾ ನಾಲೆಯೂ ಗದ್ದೆಗಳನ್ನು ಹಸಿರಾಗಿಸಿದವು. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಗೆ ಮಂದಗೆರೆಯಲ್ಲಿಯೂ ಹೇಮಗಿರಿಯಲ್ಲಿಯೂ ಅಣೆಗಳು ಬಿದ್ದವು. ಅಲಂಕಾರಶಾಸ್ತ್ರವನ್ನು ಓದುವ ವಿದ್ಯಾರ್ಥಿಗೆ ಲಕ್ಷಣೆಯನ್ನು ಕಲಿಸುವಾಗ ‘ಗಂಗೆಯಲ್ಲಿ ಗೊಲ್ಲರ ಹಳ್ಳಿ’ ಎಂಬ ಉದಾಹರಣೆಯನ್ನು ಕೊಡುವುದು ರೂಢಿ. ಪ್ರವಾಹದ ಮೇಲೆ ಹಳ್ಳಿಯು ನಿಲ್ಲಲಾರದಾದ್ದರಿಂದ ಗಂಗೆಯ ದಡದಲ್ಲಿ ಎಂದು ಅರ್ಥಮಾಡಬೇಕು. ನೀರಿನ ಮೇಲೆ ಮನೆ ಕಟ್ಟುವುದು ಅಸಂಭವವೆಂದು ಆ ವಿದ್ಯಾರ್ಥಿಗೆ ಒಂದು ಕ್ಷಣದಲ್ಲಿ ಹೊಳೆಯುವುದು. ಪ್ರವಾಸದ ವರ್ತಕನಿಗೆ ಹೊಳೆಯದು.

ಹರಿಯುವ ನದಿಯಲ್ಲಿ ಆಗದಿದ್ದರೆ ಹಿನ್ನೀರಿನಲ್ಲಿ ಆಗಲಿ ಎಂಬ ಉತ್ತರವು ಬರುವುದು. ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು 1911ರಲ್ಲಿ ಮೊದಲಾಯಿತು. ಅದರ ಪೂರ್ಣ ಮಟ್ಟ 124.80 ಅಡಿ, ಹಿಡಿಯುವ ನೀರು 49 ಟಿಎಂಸಿಗೆ ಸ್ವಲ್ಪ ಮೇಲೆ. ಆ ನೀರು ಅಲ್ಲಿ ಅಲಂಕಾರಕ್ಕೆ ನಿಂತಿಲ್ಲ. 2024ರ ಬೇಸಗೆಯಲ್ಲಿ ಮಟ್ಟವು 90 ಅಡಿಗಿಂತ ಕೆಳಗೆ ಇಳಿದಿದ್ದಿತು. ಅದೇ ವರ್ಷದ ಜುಲೈ ಕೊನೆಗೆ ಕಟ್ಟೆಯು ತುಂಬಿ ತುಳುಕಿತು. 2025ರಲ್ಲಿ ಜೂನ್ ತಿಂಗಳಲ್ಲಿಯೇ ತುಂಬಿತು. ಕೆಲವು ತಿಂಗಳ ಅಂತರದಲ್ಲಿ ಮೂವತ್ತು ನಾಲ್ವತ್ತು ಅಡಿ ಏರಿಳಿಯುವ ನೀರಿನಲ್ಲಿ ವಿಲಾಸನೌಕೆಯ ಕಟ್ಟೆಯನ್ನು ಎಲ್ಲಿ ಕಟ್ಟುವರು? ಬೇಸಗೆಯಲ್ಲಿ ನೌಕೆಯು ಬಿರುಕು ಬಿಟ್ಟ ಕೆಸರಿನ ಮೇಲೆ ಕುಳಿತಿರುವುದು. ಮಳೆಗಾಲದಲ್ಲಿ ಪ್ರವಾಹಕ್ಕೆ ಹೆದರಿ ಹಗ್ಗದಲ್ಲಿ ಬಿಗಿದುಕೊಂಡಿರುವುದು. 2018ರಲ್ಲಿಯೂ 2019ರಲ್ಲಿಯೂ ನೆರೆ ಬಂದಾಗ ರಂಗನತಿಟ್ಟಿನ ಸಣ್ಣ ದೋಣಿಗಳನ್ನೇ ನಿಲ್ಲಿಸಬೇಕಾಯಿತು.

ಇಲ್ಲಿ ನಿಜವಾದ ಅಪಾಯವು ನೌಕೆ ನಡೆಯದಿರುವುದರಲ್ಲಿಲ್ಲ, ನಡೆಯುವುದರಲ್ಲಿದೆ. ಕೋಟಿಗಟ್ಟಲೆ ಹಣ ಸುರಿದು ನೌಕೆಯನ್ನು ಇಳಿಸಿದವನು ಅದು ಆರು ತಿಂಗಳು ಕೆಸರಿನಲ್ಲಿ ಕೂರುವುದನ್ನು ಸಹಿಸನು. ಮಟ್ಟವು ಇಷ್ಟಕ್ಕಿಂತ ಕೆಳಗಿಳಿಯಬಾರದೆಂದು ಅವನು ಮೊದಲು ಬೇಡುವನು, ಆಮೇಲೆ ಒತ್ತಾಯಿಸುವನು, ಕೊನೆಗೆ ಕರಾರುಪತ್ರವನ್ನು ತೋರಿಸುವನು. ಈಗಾಗಲೇ ಈ ನೀರಿಗೆ ಹಕ್ಕುದಾರರು ಎಷ್ಟು ಮಂದಿ! ಮೈಸೂರಿಗೂ ಮದರಾಸಿಗೂ 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಮತ್ತೊಂದು. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಆ ತೀರ್ಪಿನಂತೆ ಕರ್ನಾಟಕಕ್ಕೆ ಬಂದ ಪಾಲು 284.75 ಟಿಎಂಸಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡತಕ್ಕದ್ದು 177.25 ಟಿಎಂಸಿ. ಒಂದು ಶತಮಾನಕ್ಕೂ ಮಿಕ್ಕಿ ಬೊಗಸೆ ಬೊಗಸೆ ಲೆಕ್ಕ ಹಾಕಿ ವ್ಯಾಜ್ಯವಾಡಿದ ನೀರಿಗೆ, ಬೆಂಗಳೂರು ಮೈಸೂರುಗಳ ಬಾಯಾರಿಕೆಯೂ ಸೇರಿಕೊಂಡಿರುವ ನೀರಿಗೆ, ಇನ್ನು ವಿಹಾರಿಗಳ ನೌಕೆಯೂ ಒಬ್ಬ ಹಕ್ಕುದಾರನಾಗಬೇಕೆ? 2023ರ ಸೆಪ್ಟೆಂಬರಿನಲ್ಲಿ ನೀರು ಬಿಡಬಾರದೆಂದು ಮಂಡ್ಯದಲ್ಲಿ ಅಂಗಡಿಬೀದಿಗಳು ಮುಚ್ಚಿದುದನ್ನು ಜನರು ಇಷ್ಟು ಬೇಗ ಮರೆತರೆ?

ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ಒಟ್ಟಿಗೆ ನೋಡಿದರೆ ಅನ್ಯಾಯವು ಇನ್ನೂ ಸ್ಪಷ್ಟವಾಗುವುದು. ಕೃಷ್ಣರಾಜಪೇಟೆಯ ಗಡಿಯಲ್ಲಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ತ್ರಿವೇಣಿಯ ಬಳಿ ಅಂಬಿಗರಹಳ್ಳಿ ಎಂಬ ಊರುಂಟು. 2022ರ ಅಕ್ಟೋಬರಿನಲ್ಲಿ ಅಲ್ಲಿ ಕುಂಭಮೇಳವು ನಡೆಯಿತು. ಹೊಳೆ ದಾಟಿಸುವ ಕಸುಬಿನ ಹೆಸರು ಆ ಊರಿನ ಹೆಸರಿನಲ್ಲಿಯೇ ಉಳಿದಿರುವುದು. ಕಟ್ಟೆಯು ಎದ್ದಾಗ ಹಿನ್ನೀರಿನಲ್ಲಿ ಮುಳುಗಿದುವು ಹೊಲ, ಮನೆ, ಗುಡಿಗಳು. ಹಳೆಯ ಕನ್ನಂಬಾಡಿಯೇ ಮುಳುಗಿತು. ಮುಳುಗಿದ ಊರಿನವರು ತ್ಯಾಗ ಮಾಡಿದ್ದು ಕೆಳಗಣ ಗದ್ದೆಗಳು ಬೆಳೆಯಲೆಂದು. ತಮ್ಮ ಮನೆಯ ಅಡಿಪಾಯದ ಮೇಲೆ ಪರದೇಶದವರು ತಿಂಡಿ ತಿನ್ನುತ್ತ ತೇಲಲೆಂದಲ್ಲ. ಪಾಂಡವಪುರದಲ್ಲಿ ತೊಣ್ಣೂರಿನ ಕೆರೆಯಂಥ ಪುರಾತನ ಜಲಾಶಯವು ಉಂಟು. ಶ್ರೀ ರಾಮಾನುಜಾಚಾರ್ಯರ ಹೆಸರಿನೊಡನೆ ಅದು ಕೂಡಿಕೊಂಡಿರುವುದು. ಇನ್ನು ನಾಗಮಂಗಲ! ಅಲ್ಲಿ ಸೌಮ್ಯಕೇಶವನ ದೇವಾಲಯವುಂಟು, ಆದಿಚುಂಚನಗಿರಿಯುಂಟು, ಮಳೆಯನ್ನು ನೋಡುತ್ತ ಕುಳಿತ ರಾಗಿಯ ಹೊಲಗಳುಂಟು. ನೌಕೆ ನಡೆಸುವಷ್ಟು ನೀರು ಎಲ್ಲಿಯೂ ಇಲ್ಲ. ನೌಕೆಯನ್ನು ಆಧಾರವಾಗಿಟ್ಟುಕೊಂಡ ಪ್ರವಾಸವು ನಾಗಮಂಗಲವನ್ನು ಎಂದೆಂದಿಗೂ ಮುಟ್ಟದು. ನೀರಿದ್ದವರಿಗೆ ಮತ್ತಷ್ಟು ಬಂಡವಾಳ, ನೀರಿಲ್ಲದವರಿಗೆ ರಸ್ತೆಯ ಧೂಳು. ಇದೇ ಜಿಲ್ಲೆಯ ಅಭಿವೃದ್ಧಿಯೆಂದು ಯಾವ ಬಾಯಿಂದ ಹೇಳುವರು?

ಪ್ರತಿವಾದಿಗಳ ಮಾತುಗಳನ್ನೂ ಕೇಳದೆ ಬಿಡಬಾರದು. ದಣಿದವನಿಗೆ ವಿಶ್ರಾಂತಿ ಬೇಡವೆ ಎಂಬುದು ಅವರ ಮೊದಲನೆಯ ಮಾತು. ಬೇಕು. ಹೊಂಗೆಯ ನೆರಳಿನಲ್ಲಿ ಒಂದು ಚಾಪೆ, ಒಂದು ಚೊಂಬು ಮಜ್ಜಿಗೆ, ಬಿಸಿ ಮುದ್ದೆ, ಒಂದು ರಾತ್ರಿಯ ನಿದ್ರೆ, ಇವು ವಿಶ್ರಾಂತಿ. ವಿಲಾಸವು ಬೇರೆ ಪದಾರ್ಥ. ವಿಶ್ರಾಂತಿಯು ಮಾಡಿದ ಶ್ರಮಕ್ಕೆ ತಕ್ಕಷ್ಟು ಬಂದು ತಾನೇ ಹೊರಟುಹೋಗುವುದು. ವಿಲಾಸವು ಶ್ರಮವನ್ನು ನೆಪಮಾಡಿಕೊಂಡು ಬಂದು, ಹೋಗೆಂದರೂ ಹೋಗದು. ಒಂದು ದಿನ ಓಡಿ ಹನ್ನೆರಡು ದಿನ ತೇಲುವ ಯಾತ್ರೆಯಲ್ಲಿ ಓಟವು ಊಟಕ್ಕೆ ಮುಂಚಿನ ಉಪ್ಪಿನಕಾಯಿ ಮಾತ್ರ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆಯಂತೆ ಎರಡನ್ನೂ ಬಿಡಲಾರದವನು ಕೊನೆಗೆ ಎರಡರ ರುಚಿಯನ್ನೂ ಕಾಣನು.

ನೀರಿನ ಮೇಲಿನ ಉತ್ಸವವು ಈ ನಾಡಿಗೆ ಹೊಸದೆ, ಮೇಲುಕೋಟೆಯ ಕಲ್ಯಾಣಿಯಲ್ಲಿ ತೆಪ್ಪೋತ್ಸವವು ನಡೆಯುವುದಿಲ್ಲವೆ ಎಂಬುದು ಅವರ ಎರಡನೆಯ ಮಾತು. ನಡೆಯುವುದು, ಆದರೆ ಹೇಗೆ? ದೇವರಿಗಾಗಿ, ಒಂದು ಸಂಜೆ, ಮೆಟ್ಟಲು ಕಟ್ಟಿದ ಕೊಳದ ನಿಂತ ನೀರಿನಲ್ಲಿ. ಉತ್ಸವ ಮುಗಿದೊಡನೆ ತೆಪ್ಪವನ್ನು ಬಿಚ್ಚುವರು. ಕೊಳವು ಮರುದಿನ ಎಂದಿನ ಕೊಳವಾಗಿರುವುದು. ನೋಡುವವರಲ್ಲಿ ಟಿಕೇಟಿನವರು ಟಿಕೇಟಿಲ್ಲದವರು ಎಂಬ ಭೇದವಿಲ್ಲ. ದಡದ ಮೆಟ್ಟಲೇ ಎಲ್ಲರಿಗೂ ಆಸನ. ಇದನ್ನು ವಿಲಾಸನೌಕೆಗೆ ಸಮಾನವೆನ್ನುವವರು ನೈವೇದ್ಯವನ್ನೂ ಹೋಟೆಲಿನ ಊಟವನ್ನೂ ಒಂದೇ ಎಂದಾರು.

ಮೂರನೆಯದು ಜೀವನೋಪಾಯದ ಮಾತು, ಇದೇ ಗಟ್ಟಿಯಾದುದು. ಹುಡುಗರು ಕೆಲಸವಿಲ್ಲದೆ ಬೆಂಗಳೂರಿಗೆ ಓಡುತ್ತಿರುವಾಗ ನೌಕೆಯು ನಾಲ್ಕು ಮಂದಿಗೆ ಅನ್ನ ಕೊಡುವುದಾದರೆ ತಡೆಯುವುದೇಕೆ ಎಂದು ಕೇಳುವವರು ದುರುದ್ದೇಶದವರಲ್ಲ. ಆದರೆ ಅನ್ನವು ಯಾರ ಎಲೆಗೆ ಬೀಳುವುದೆಂದು ವಿಚಾರಿಸಬೇಕು. ಈ ಹೊಳೆಗಳಲ್ಲಿ ದಾಟುವ ಸಾಧನ ಹರಿಗೋಲು. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೋ ಪಾಯಸ್ ಅಲ್ಲಿನ ಹೊಳೆಯಲ್ಲಿ ಇಂಥ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿರುವನು. ಹರಿಗೋಲಿಗೆ ಮೊಳಕಾಲುದ್ದದ ನೀರು ಸಾಕು; ಕಟ್ಟೆ ಬೇಡ, ಹೂಳೆತ್ತುವ ಯಂತ್ರ ಬೇಡ, ಎಣ್ಣೆ ಬೇಡ. ನೀರು ಇಳಿದರೆ ಅಂಬಿಗನು ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ಹೋಗುವನು. ಹುಟ್ಟು ಹಿಡಿಯುವ ಕೈಗೆ ಸಂಪಾದನೆಯಾಗಲೆಂಬುದು ನಿಜವಾದ ಆಸೆಯಾದರೆ ಹರಿಗೋಲಿನವನಿಗೆ ಸಹಾಯ ಸಲ್ಲಲಿ. ದೊಡ್ಡ ನೌಕೆಯು ಬಂದರೆ ಅದರ ಒಡೆತನವು ನಗರದ ಬಂಡವಾಳಗಾರನದು, ಅಡುಗೆಯು ದೂರದೂರಿನವರದು. ಅಂಬಿಗರ ಮಗನಿಗೆ ಸಿಕ್ಕುವುದು ನೌಕೆಯ ನೆಲವನ್ನು ಒರೆಸುವ ಕೆಲಸ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಹೊಳೆ ದಾಟುವುದಕ್ಕೆ ಮೊದಲೇ ನಿಜಮಾಡಿದಂತಾಗುವುದು.

ಮನುಷ್ಯರ ಮಾತು ಹಾಗಿರಲಿ. ಬಾಯಿಲ್ಲದ ಒಕ್ಕಲುಗಳೂ ಇಲ್ಲಿ ಉಂಟು. ಒಡೆಯರ ಕಾಲದ ಒಡ್ಡಿನಿಂದ ಉಂಟಾದ ತಿಟ್ಟುಗಳನ್ನು, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯಂತೆ, ಮೈಸೂರು ಸಂಸ್ಥಾನವು 1940ರಲ್ಲಿ ಪಕ್ಷಿಧಾಮವನ್ನಾಗಿ ಕಾಪಾಡಿತು. ಸುಮಾರು 40 ಎಕರೆಯ ಈ ಸಣ್ಣ ಸ್ಥಳವು 2022ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲನೆಯ ಜೌಗುಸ್ಥಳವಾಯಿತು. ಬಣ್ಣದ ಕೊಕ್ಕರೆ, ಚಮಚಕೊಕ್ಕಿನ ಹಕ್ಕಿ, ಹೆಜ್ಜಾರ್ಲೆಗಳು ಇಲ್ಲಿ ಗೂಡು ಕಟ್ಟುವುದು, ನೀರು ಸುತ್ತುವರಿದಿದೆ, ಗದ್ದಲವಿಲ್ಲ ಎಂಬ ನಂಬಿಕೆಯಿಂದ. ಹುಟ್ಟು ಹಾಕುವ ದೋಣಿಯನ್ನು ಅವು ಸಹಿಸಿಕೊಂಡಿರುವುವು. ಯಂತ್ರದ ಗರ್ಜನೆಯನ್ನೂ ರಾತ್ರಿಯ ಸಂಗೀತವನ್ನೂ ಸಹಿಸಬೇಕೆಂದು ಅವುಗಳೊಡನೆ ಯಾರೂ ಒಪ್ಪಂದ ಮಾಡಿಕೊಂಡಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಬೇಡವೆನ್ನುವುದಷ್ಟೇ ವಿವೇಕವಲ್ಲ. ಓಟಗಾರರು ಬರಲಿ, ಇನ್ನೂ ಹೆಚ್ಚು ಮಂದಿ ಬರಲಿ. ನಾಲೆಯ ಏರಿಯು ಮೊದಲು ಒಕ್ಕಲಿಗನ ಹಾದಿ, ಆಮೇಲೆ ಓಟದ ಹಾದಿ. ಆದ್ದರಿಂದ ದಿನವನ್ನು ಗೊತ್ತುಮಾಡುವಾಗ ಅಕ್ಕಪಕ್ಕದ ಹಳ್ಳಿಗಳವರನ್ನು ಕೇಳಿ, ನಾಟಿ ಕುಯ್ಲುಗಳಿಗೆ ಅಡ್ಡಿಯಾಗದಂತೆ ನೋಡಲಿ. ಕುಡಿದು ಎಸೆದ ಒಂದು ಪ್ಲಾಸ್ಟಿಕ್ ಬುದ್ದಲಿಯೂ ನಾಲೆಗೆ ಬೀಳದಿರಲಿ. ಅದು ಹೋಗಿ ಸಿಕ್ಕಿಕೊಳ್ಳುವುದು ಕೊನೆಯ ಗದ್ದೆಯ ತೂಬಿನಲ್ಲಿ. ಓಡಿದವರು ಇನ್ನೊಂದು ದಿನ ಈ ಸೀಮೆಯಲ್ಲಿ ತಂಗುವುದಾದರೆ ಅವರಿಗೆ ತೋರಿಸತಕ್ಕದ್ದು ಬೇಕಾದಷ್ಟಿದೆ. ನಾಗಮಂಗಲದ ಕಡೆಯಿಂದ ಇಳಿದು, ಪಾಂಡವಪುರದ ಸೀಮೆಯನ್ನು ಹಾದು, ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುವ ಲೋಕಪಾವನಿಯೆಂಬ ಸಣ್ಣ ಹೊಳೆಯುಂಟು. ಅದರ ದಡವನ್ನು ಹಿಡಿದು ಮೇಲಕ್ಕೆ ನಡೆದವನು ನೀರಿರುವ ಸೀಮೆಯಿಂದ ನೀರಿಲ್ಲದ ಸೀಮೆಗೆ ತನ್ನ ಕಾಲಿನಿಂದಲೇ ಹೋಗಿ ನೋಡಿದಂತಾಗುವುದು. ಕೃಷ್ಣರಾಜಪೇಟೆಯ ಕಡೆ ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯಗಳುಂಟು, ಹೇಮಗಿರಿಯ ಅಣೆಯುಂಟು. ಇವೆಲ್ಲವೂ ಮೇಲುಕೋಟೆಯ ಮೆಟ್ಟಲುಗಳಂತೆ ಕಾಲಿನವನಿಗೆ ತೆರೆದ ಬಾಗಿಲುಗಳು. ಊಟವು ಹಳ್ಳಿಯ ಮನೆಗಳಲ್ಲಾಗಲಿ, ದೋಣಿಯು ಹರಿಗೋಲಾಗಲಿ, ಆ ಹರಿಗೋಲು ಹೊಳೆಯನ್ನು ದಾಟುವುದಕ್ಕಾಗಲಿ. ಹೀಗಾದರೆ ಹಣವು ನಾಲ್ಕು ತಾಲ್ಲೂಕುಗಳಿಗೂ ಹಂಚಿಹೋಗುವುದು. ಕಟ್ಟೆಯ ನೀರಿನಲ್ಲಿ ಒಂದಂಗುಲವೂ ಯಾರ ವಿಲಾಸಕ್ಕೂ ಒತ್ತೆಯಾಗದು.

ಹಿನ್ನೀರಿನಲ್ಲಾಗಲಿ ಪಕ್ಷಿಧಾಮದ ಸಮೀಪದಲ್ಲಾಗಲಿ ವಾಸದ ಕೊಠಡಿಗಳುಳ್ಳ ಯಂತ್ರನೌಕೆಗೆ ಅನುಮತಿ ಕೊಡಬಾರದೆಂದು ಗ್ರಾಮಪಂಚಾಯಿತಿಗಳೂ ನೀರು ಬಳಕೆದಾರರ ಸಂಘಗಳೂ ಈಗಲೇ ನಿರ್ಣಯ ಮಾಡುವುದು ಯುಕ್ತ. ನೌಕೆಯು ನೀರಿಗಿಳಿದ ಮೇಲೆ ಮಾಡುವ ನಿರ್ಣಯವು ಹಾವು ಹೋದ ಮೇಲೆ ಹುತ್ತ ಬಡಿದಂತೆ. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿಯನ್ನು ಗಾದೆಯು ಬಲ್ಲುದು. ಓಟದ ಹೆಸರಿನಲ್ಲಿ ಒಂದು ಕಾಲನ್ನು ಏರಿಯ ಮೇಲೂ, ವಿಲಾಸದ ಹೆಸರಿನಲ್ಲಿ ಇನ್ನೊಂದು ಕಾಲನ್ನು ನೌಕೆಯ ಮೇಲೂ ಇಡಹೊರಟ ಸೀಮೆಯು, ನೀರು ಇಳಿಯುವ ಮೊದಲನೆಯ ಬೇಸಗೆಯಲ್ಲಿಯೇ ನಡುವೆ ಬೀಳುವುದು. ಆಗ ಅದನ್ನು ಎತ್ತಲು ಬರುವವನು ನೌಕೆಯ ಒಡೆಯನಲ್ಲ, ನಾಲೆಯ ಕೊನೆಯಲ್ಲಿ ಗುದ್ದಲಿ ಹಿಡಿದು ನಿಂತಿರುವ ಒಕ್ಕಲಿಗನೇ.